ಹೋಗಿ ಬರುವ ಹಾದಿಗೆ ಒಂದು ನಿಯಮ

ತಂಗಡಗಿಯ ನಮ್ಮ ಅಜ್ಜಿಯ ಮನೆಯಲ್ಲಿ, ಹೊರಗೆ ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳುವಂತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಒಮ್ಮೆ, ಹೆಗಲಿಗೆ ಟವೆಲು ಹಾಕಿಕೊಂಡು ಮುದ್ದೇಬಿಹಾಳದ ಬಸ್ಸಿಗೆ ಹೊರಟಿದ್ದ ಸೋದರಮಾವನನ್ನು ಹಾಗೆ ಕೇಳಿಬಿಟ್ಟೆ. ಅಜ್ಜಿ ಅವನನ್ನು ಹೊಸ್ತಿಲಿನಿಂದ ವಾಪಸು ಕರೆದು, ಕೂರಿಸಿ, ಒಂದು ತಂಬಿಗೆ ನೀರು ಕುಡಿಸಿ, ಮತ್ತೆ ಹೊಸದಾಗಿ ಕಳಿಸಿದಳು. ಅಷ್ಟರಲ್ಲಿ ಬಸ್ಸು ಹೋಗಿತ್ತು. ಮಾವ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

"ಹೊಂಟವರಿಗೆ ಎಲ್ಲಿಗೆ, ಯಾವಾಗ ಅಂತ ಕೇಳಬಾರದವಾ. ಬರ್ತೇನಿ ಅಂದಾನಲ್ಲ, ಸಾಕು," ಎಂದಳು ಅಜ್ಜಿ.

ನಮ್ಮಲ್ಲಿ ಹೋಗುವವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ಇದರಲ್ಲಿ ವಿಶೇಷವೇನಾದರೂ ಇದೆ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಐವತ್ತು ದಾಟಿದ ಮೇಲೆ, ಬೇರೆ ಬೇರೆ ದೇಶಗಳ ಎಂಜಿನಿಯರುಗಳ ಎದುರು ಇದೇ ಮಾತಿನಿಂದಾಗಿ ನಾನು ಬೆಪ್ಪಾಗಿ ಕೂತ ದಿನ ಅದು ಗೊತ್ತಾಯಿತು.

ನಾನು ಬಸವನ ಬಾಗೇವಾಡಿಯ ಸೊಸೆ. ಮೊದಲು ವಿಜಯಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಜಾಲಗಳ ಪಾಠ ಹೇಳುತ್ತಿದ್ದೆ. ಪ್ರಿನ್ಸಿಪಾಲರ ಜೊತೆ ಜಗಳವಾಡಿ ಬಿಟ್ಟೆ. ಯಾಕೆ ಜಗಳ ಎಂದು ಬರೆಯಲು ಹೊರಟರೆ ಈಗಲೂ ಮೈ ಉರಿಯುತ್ತದೆ, ಹೋಗಲಿ. ಆಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಕೇಬಲ್ ಟಿವಿಯವರೆಲ್ಲ ಕೂಡಿ ಹಳ್ಳಿಗಳಿಗೆ ಇಂಟರ್‌ನೆಟ್ ಕೊಡಲು ಶುರು ಮಾಡಿದರು. ಅವರಿಗೆ ಜಾಲ ನೋಡಿಕೊಳ್ಳುವವರು ಬೇಕಿತ್ತು, ನನಗೆ ಬೈಯಲು ಯಾರಾದರೂ ಬೇಕಿತ್ತು. ಹೀಗೆ ಕೆಲಸ ಕೂಡಿಬಂತು.

ಊರುಗಳವರೆಗೆ ಕೇಬಲ್ ಹೋಗುತ್ತದೆ. ಅಲ್ಲಿಂದಾಚೆ ಹಳ್ಳಿಗಳಿಗೆ ನೀರಿನ ಟಾಕಿ, ಶಾಲೆಯ ಮಾಳಿಗೆ, ಇಂಥಲ್ಲಿ ಕೂರಿಸಿದ ಡಿಶ್ಶುಗಳ ಮೂಲಕ ಗಾಳಿಯಲ್ಲೇ ಹೋಗಬೇಕು. ಇಂಥ ಒಂದೊಂದು ಕೂಡುದಾರಿಯಲ್ಲೂ ರೌಟರ್ ಎಂಬ ಸಣ್ಣ ಪೆಟ್ಟಿಗೆ ಇರುತ್ತದೆ. ಅದು ತನ್ನ ಅಕ್ಕಪಕ್ಕದ ಪೆಟ್ಟಿಗೆಗಳಿಗೆ ಆಗಾಗ ನಮಸ್ಕಾರ ಹೇಳುತ್ತಾ, ನನ್ನ ಕಡೆಯಿಂದ ಹೋದರೆ ಇಂತಿಂಥ ಊರು ಸಿಗುತ್ತದೆ ಎಂದು ತಿಳಿಸುತ್ತಿರುತ್ತದೆ. ನಮಸ್ಕಾರ ನಿಂತರೆ ಉಳಿದವು ಆ ಹಾದಿ ಸತ್ತಿತೆಂದು ಬಗೆದು ಬೇರೆ ಹಾದಿ ಹುಡುಕುತ್ತವೆ. ಈ ಪೆಟ್ಟಿಗೆಗಳು ಹೀಗೆ ಮಾತಾಡಿಕೊಳ್ಳುವ ಕ್ರಮಕ್ಕೆ ಪ್ರೊಟೊಕಾಲ್ ಎನ್ನುತ್ತಾರೆ. ಅದರ ನಿಯಮಗಳನ್ನು ಯಾವ ಸರಕಾರವೂ ಬರೆಯುವುದಿಲ್ಲ. ಜಗತ್ತಿನ ನಾನಾ ಕಡೆಯ ಎಂಜಿನಿಯರುಗಳ ಒಂದು ಗುಂಪು ಇ-ಮೇಲ್ ಬರೆದು, ಜಗಳವಾಡಿ, ಕರಡು ತಿದ್ದಿ ವರ್ಷಗಟ್ಟಲೆ ಕುಟ್ಟಿ, ಸೋಸಿ ಸಿದ್ಧಮಾಡುತ್ತದೆ. ಅದಕ್ಕೆ ಯಾರು ಬೇಕಾದರೂ ಸೇರಬಹುದು. ಜಗಳ ಎಂದ ಮೇಲೆ ನಾನು ಸೇರದೆ ಇರುತ್ತೇನೆಯೆ?

ಆ ಗುಂಪಿನಲ್ಲಿ ಓಟು ಹಾಕುವ ಪದ್ಧತಿ ಇಲ್ಲ. ಎಲ್ಲರೂ ಒಂದೆಡೆ ಸೇರಿದಾಗ ಒಪ್ಪಿಗೆಯಾದವರು ಬಾಯಿ ಮುಚ್ಚಿಕೊಂಡು ಗುಂಯ್ ಎನ್ನುತ್ತಾರೆ. ಯಾವ ಕಡೆಯ ಸದ್ದು ದೊಡ್ಡದೋ ಅದನ್ನು ಅಧ್ಯಕ್ಷರು ಕಿವಿಯಿಂದಲೇ ಅಳೆಯುತ್ತಾರೆ. ಕಂಪ್ಯೂಟರಿನ ಮೂಲಕ ಸೇರಿದಾಗ ಅದರ ಬದಲು ಒಂದು ಗುಂಡಿ ಒತ್ತುವುದು. ಪೇಟೆಯಲ್ಲಿ ಬೀಜದ ಅಂಗಡಿ ಇಟ್ಟಿರುವ ನನ್ನ ಗಂಡನಿಗೆ ಇದನ್ನು ಹೇಳಿದ ದಿನ ಅವರು ಚಹಾ ಕೆಳಗಿಟ್ಟು ನಕ್ಕರು.

"ಅಷ್ಟ ದೊಡ್ಡ ದೊಡ್ಡ ಮಂದಿ ಕುಂತು ಗುಂಯ್ ಅಂತಾರ? ಅದೇನು ಸಭಾ ಐತೋ, ಜೇನಗೂಡ ಐತೋ?"

"ನಿಮ್ಮ ಎಪಿಎಂಸಿ ಮೀಟಿಂಗಿನಾಗ ಕುರ್ಚಿ ಎಸಿತೀರಲ್ರಿ, ಅದಕ್ಕಿಂತ ಚಲೋ ಐತಿ," ಎಂದೆ.

ದೇವಣಗಾಂವದ ಅಕ್ಕೋರು ನಮ್ಮ ಮನೆಗೆ ಮೊದಲ ಸಲ ಬಂದದ್ದೂ ಜಗಳಕ್ಕೇ. ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಅಕ್ಕೋರು ಎನ್ನುತ್ತಾರೆ. ಆಕೆಗೆ ಮೂವತ್ತೈದರ ಆಸುಪಾಸು. ಆಕೆ ಕಲಿಸುತ್ತಿದ್ದ ಖಾಸಗಿ ಸಾಲಿ ಮುಚ್ಚಿದ ಮೇಲೆ, ಒಂದು ಕಂಪನಿಯ ಕಡೆಯಿಂದ ಸಂಜೆಹೊತ್ತು ಮನೆಯಲ್ಲೇ ಕೂತು, ಬೇರೆ ಬೇರೆ ಊರಿನ ಹತ್ತನೆಯ ಈಯತ್ತೆಯ ಮಕ್ಕಳಿಗೆ ಇಂಟರ್‌ನೆಟ್ಟಿನಲ್ಲಿ ಗಣಿತ ಕಲಿಸುತ್ತಿದ್ದಳು. ಗಂಡ ಭೀಮಾ ದಂಡೆಯ ಹೊಲದಲ್ಲಿ ಕಬ್ಬು, ತೊಗರಿ ಬೆಳೆಯುತ್ತಿದ್ದ. ಬೀಜ ಒಯ್ಯಲು ಬಂದಾಗಲೆಲ್ಲ ನನ್ನ ಗಂಡನನ್ನು ಅಣ್ಣಾರ ಎಂದು ಕರೆಯುತ್ತಿದ್ದ ಆಕೆ, ಅದೇ ಹಕ್ಕಿನಿಂದ ನನ್ನನ್ನು ವೈನಿ, ಅಂದರೆ ಅತ್ತಿಗೆ, ಮಾಡಿಕೊಂಡು ಅಂಗಡಿಯ ಹಿಂದಿನ ಮನೆಗೇ ನಡೆದು ಬಂದು, ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದಳು.

"ವೈನಿ, ಕರೆಂಟ ಹೋಗೂದು ನನಗ ಹೊಸಾದಲ್ಲರಿ. ಹೋಗ್ತೈತಿ, ಬರ್ತೈತಿ. ಆದ್ರ ಕರೆಂಟ ಬಂದು, ಫ್ಯಾನ ತಿರಗಾಕತ್ತಿದ ಮ್ಯಾಲೂ ನಿಮ್ಮ ನೆಟ್ ಅರ್ಧಾ ತಾಸ ಬರೂದಿಲ್ಲಲ್ಲ, ಅದ್ಯಾಕ್ರಿ? ಅದಕ್ಕೇನು ನನ್ನ ಮ್ಯಾಲ ಸಿಟ್ಟ ಐತೇನು?"

ನಾನು ಜೋರು ಮಾಡಬೇಕೆಂದು ಬಾಯಿ ತೆಗೆದವಳು ಆಕೆಯನ್ನು ಒಳಗೆ ಕರೆದೆ. ಯಾಕೆಂದರೆ ಅದು ಸಿಟ್ಟೇ ಆಗಿತ್ತು. ಒಂದು ಪೆಟ್ಟಿಗೆ ಮೇಲಿಂದ ಮೇಲೆ ಕಾಣೆಯಾಗಿ ಬರುತ್ತಿದ್ದರೆ, ಅದರ ಮೇಲೆ ಭರವಸೆ ಇಡಬೇಡಿ ಎಂದು ಪ್ರೊಟೊಕಾಲ್ ಉಳಿದ ಪೆಟ್ಟಿಗೆಗಳಿಗೆ ಹೇಳುತ್ತದೆ. ಅದು ತಿರುಗಿ ಎದ್ದು ನಮಸ್ಕಾರ ಹೇಳಿದರೂ ಕೆಲಹೊತ್ತು ಯಾರೂ ಅದರತ್ತ ನೋಡುವುದಿಲ್ಲ. ದೇವಣಗಾಂವದ ಹಾದಿಯ ಪೆಟ್ಟಿಗೆ ಇದ್ದದ್ದು ನೀರಿನ ಟಾಕಿಯ ಮೇಲೆ. ಸಂಜೆ ಹೊಲದ ಪಂಪುಗಳ ಕರೆಂಟಿನ ಪಾಳಿ ಬದಲಿಸುವಾಗ, ಒಂದಿಷ್ಟು ಹೊತ್ತು ಮನೆಗಳೂ ಸೇರಿ ಎಲ್ಲವೂ ಕತ್ತಲು. ಟಾಕಿಯ ಮೇಲಿನ ಬ್ಯಾಟರಿ ನಮ್ಮ ಬಿಸಿಲಿಗೆ ಉಬ್ಬಿ ಕೂತಿತ್ತು. ಹೊಸದು ಹಾಕಿದೆವು. ಬೇಸಿಗೆ ಬರುವಷ್ಟರಲ್ಲಿ ಅದೂ ಉಬ್ಬಿತು. ಪೆಟ್ಟಿಗೆ ಮಲಗುವುದು, ಏಳುವುದು, ಏಳುವಷ್ಟರಲ್ಲಿ ಉಳಿದವುಗಳ ಮುನಿಸು.

ಮುನಿಸಿಕೊಳ್ಳುವ ಆ ನಿಯಮವನ್ನೇ ತೆಗೆದುಹಾಕಿ ನೋಡಿದೆ. ಆಗ ದೇವಣಗಾಂವದ ಪೆಟ್ಟಿಗೆ ಕಣ್ಣು ಮಿಟುಕಿಸಿದಾಗಲೆಲ್ಲ ಸಿಂದಗಿ ಕಡೆಯ ಅಷ್ಟೂ ಪೆಟ್ಟಿಗೆಗಳು ಗಾಬರಿಬಿದ್ದು ಹಾದಿ ಲೆಕ್ಕ ಹಾಕತೊಡಗಿದವು. ಇಂಡಿಯ ಲಿಂಬೆ ವ್ಯಾಪಾರಿಗಳು ಫೋನ್ ಮಾಡಿ ನನ್ನನ್ನು ಬೈದರು. ಸಿಟ್ಟಿಗೂ ಕಾರಣವಿದೆ ಎಂದು ಒಪ್ಪಿಕೊಂಡು ಅದನ್ನು ತಿರುಗಿ ಅಲ್ಲೇ ಇಟ್ಟೆ.

ಮುಂದಿನ ಸಲ ಅಕ್ಕೋರು ಬಂದಾಗ ಕೂರಿಸಿ ಕೇಳಿದೆ. ಆಕೆಯ ಕಷ್ಟ ನಿಜವಾದದ್ದು. ಕಲಿಸುವವರು ಕಾಲು ತಾಸಿಗಿಂತ ಹೆಚ್ಚು ಕಾಣದಿದ್ದರೆ ಕಂಪನಿಯ ವ್ಯವಸ್ಥೆ ಪಾಠವನ್ನು ತಾನೇ ಮುಚ್ಚಿಬಿಡುತ್ತಿತ್ತು. ಹಾಗೆ ಪದೇ ಪದೇ ಆದರೆ ಮಕ್ಕಳನ್ನು ಬೇರೆಯವರಿಗೆ ಒಪ್ಪಿಸುತ್ತಿದ್ದರು. ಕಡೆಯ ಎಚ್ಚರಿಕೆಯೂ ಬಂದಿತ್ತು. ಮೊಬೈಲಿನ ಸಿಗ್ನಲ್ಲು ಆ ಊರಲ್ಲಿ ಮಾಳಿಗೆಯ ಒಂದು ಮೂಲೆ ಬಿಟ್ಟರೆ ಬೇರೆಲ್ಲೂ ಬರುತ್ತಿರಲಿಲ್ಲ. ಹೀಗಾಗಿ ಎಚ್ಚರಿಕೆ ಬಂದಾಗಿನಿಂದ ಆಕೆ ಮಧ್ಯಾಹ್ನದ ಬಸ್ಸಿಗೆ ಸಿಂದಗಿಯ ತಂಗಿಯ ಮನೆಗೆ ಹೋಗಿ, ಅಲ್ಲಿಂದ ಪಾಠ ಮಾಡಿ, ಕೊನೆಯ ಬಸ್ಸಿಗೆ ಮರಳುತ್ತಿದ್ದಳು. ಜೂನಿನಲ್ಲಿ ತಂಗಿಗೆ ಬೇರೆ ಜಿಲ್ಲೆಗೆ ವರ್ಗ ಆಗುವುದಿತ್ತು. ಅಷ್ಟರಲ್ಲಿ ದೇವಣಗಾಂವದ ಮನೆಯಿಂದಲೇ ಕಲಿಸುವಂತಾಗದಿದ್ದರೆ ಕಲಿಸುವುದೇ ನಿಲ್ಲುತ್ತಿತ್ತು.

"ಮನ್ಯಾಗ ಉಣ್ಣಾಕ ಉಡಾಕ ಕಡಿಮಿ ಇಲ್ಲರಿ," ಎಂದಳು. ಜಗಳದ ದನಿ ಎಲ್ಲೋ ಹೋಗಿತ್ತು. "ಆದ್ರ ವೈನಿ, ಒಂದ ಹುಡುಗಿ ಲೆಕ್ಕಾ ಬರೂದಿಲ್ಲ ಬರೂದಿಲ್ಲ ಅಂತ ಅತ್ತು, ಒಂದಿನ ತಟ್ಟನ ತಾನ ಬಿಡಿಸ್ತಾಳ ನೋಡ್ರಿ, ಆವಾಗ ಅಕೀ ಮಾರಿ ನೋಡಬೇಕ್ರಿ. ಅದು ಹೋದ್ರ ನಾ ಏನ್ ಮಾಡ್ಲಿ?"

ಕಲಿಸುವ ಕೆಲಸ ಬಿಟ್ಟ ಸಂಕಟ ನನಗೆ ಗೊತ್ತಿತ್ತು. ನನ್ನದು ನಾನೇ ತಂದುಕೊಂಡದ್ದು, ಆಕೆಯದು ಹಾಗಲ್ಲ. ಆಕೆಗೆ ಚಹಾ ಕೊಟ್ಟೆ, ಏನಾದರೂ ಮಾಡುತ್ತೇನೆ ಎಂದೆ.

ಮಾಡಬೇಕಾದದ್ದು ಸರಳವಾಗಿಯೇ ಹೊಳೆಯಿತು. ಬ್ಯಾಟರಿ ಎಷ್ಟೇ ಕೆಟ್ಟಿರಲಿ, ಸಾಯುವ ಮುಂಚೆ ಒಂದು ಮಾತು ಆಡುವಷ್ಟು ಜೀವ ಅದರಲ್ಲಿರುತ್ತದೆ. ಆ ಪೆಟ್ಟಿಗೆ ಸುಮ್ಮನೆ ಕಾಣೆಯಾಗುವ ಬದಲು, ನೆರೆಯವರಿಗೆ ಹೋಗಿ ಬರುತ್ತೇನೆ ಎಂದು ಹೇಳಿ ಹೋದರೆ? ಆಗ ಇದು ರೋಗದ ಪೆಟ್ಟಿಗೆಯಲ್ಲ, ಕೆಲಸದ ಮೇಲೆ ಹೋದದ್ದು, ಬಂದಾಗ ಮುನಿಸಿಕೊಳ್ಳಬೇಕಿಲ್ಲ ಎಂದು ಉಳಿದವುಗಳಿಗೆ ತಿಳಿಯುತ್ತದೆ. ಪೆಟ್ಟಿಗೆ ಮಾರುವ ಕಂಪನಿಗಳಿಗೆ ಬರೆದೆ. ನಿಯಮದಲ್ಲಿ ಬರಲಿ, ಆಮೇಲೆ ನೋಡೋಣ ಎಂದರು. ನಿಯಮದಲ್ಲೇ ತರುತ್ತೇನೆ ನಿಲ್ಲಿ ಎಂದು ಹಟ ತೊಟ್ಟು ಕರಡು ಬರೆಯಲು ಕೂತೆ.

ಇಂಗ್ಲಿಷಿನಲ್ಲಿ ನಿಯಮ ಬರೆಯುವುದು ಒಂದು ನಮೂನೆಯ ತಪಸ್ಸು. ಮಾಡಬೇಕು, ಮಾಡಬಹುದು, ಮಾಡಿದರೆ ಒಳ್ಳೆಯದು, ಈ ಮೂರರ ನಡುವೆಯೇ ವಾರಗಟ್ಟಲೆ ವಾದ ನಡೆಯುತ್ತದೆ. ಗುಂಪಿನಲ್ಲಿ ಬಿಳಿಗಡ್ಡದ ಒಬ್ಬ ಹಿರಿಯ ಎಂಜಿನಿಯರ್ ಇದ್ದ. ಪರದೆಯ ಮೇಲೆ ಅವನನ್ನು ನೋಡಿ ನನ್ನ ಗಂಡ ಗಡ್ಡದಜ್ಜ ಎಂದು ಹೆಸರಿಟ್ಟಿದ್ದರು. ಯಾರೇ ಕರಡು ಕಳಿಸಲಿ, ಎಲ್ಲಿ ಸೋರುತ್ತದೆ ಎಂದು ಅವನು ಒಂದೇ ಸಾಲಿನಲ್ಲಿ ಹೇಳಿಬಿಡುತ್ತಿದ್ದ. ನನ್ನ ಕರಡಿನ ಬಗ್ಗೆ ಮಾತ್ರ ಏನೂ ಬರೆಯಲಿಲ್ಲ. ಓದಿಲ್ಲವೋ, ಓದಿ ಬಿಸಾಕಿದ್ದಾನೋ ಎಂದು ನನಗೆ ಒಳಗೊಳಗೇ ಕುದಿತ.

ಆ ವರ್ಷ ಗುಂಪು ಹಳೆಯ ಕೆಲಸಗಳನ್ನೆಲ್ಲ ಮುಗಿಸಿ, ಮುಂದಿನ ವರ್ಷಗಳಲ್ಲಿ ಪ್ರೊಟೊಕಾಲಿನ ಯಾವ ಯಾವ ಕೆಲಸ ಕೈಗೆತ್ತಿಕೊಳ್ಳಬೇಕೆಂದು ಯೋಜನೆ ಹಾಕುವುದಿತ್ತು. ಕೇಳುವವರು ಬಹಳ, ಮಾಡುವವರು ಕೆಲವರು. ಯೋಜನೆಯಲ್ಲಿ ಸೇರಿದ ವಿಷಯಕ್ಕೆ ಜನ ಸಿಗುತ್ತಾರೆ, ಸಮಯ ಸಿಗುತ್ತದೆ. ಸೇರದ್ದು ಮತ್ತೆ ವರ್ಷಾನುಗಟ್ಟಲೆ ಮೂಲೆಗೆ. ಇದಕ್ಕೆಂದೇ ಮೇ ತಿಂಗಳ ಒಂದು ಸಂಜೆ ಕಂಪ್ಯೂಟರಿನಲ್ಲಿ ಸಭೆ ಇಟ್ಟರು. ನನ್ನ ಹಳ್ಳಿಯ ತೊಂದರೆಯನ್ನು ನಾನು ಹೇಳುವುದಕ್ಕಿಂತ ಅನುಭವಿಸಿದವರೇ ಹೇಳಲಿ ಎಂದು ಅಕ್ಕೋರನ್ನು ಕರೆಸಿದೆ. ಆಕೆ ಪಾಠಕ್ಕೆ ರಜೆ ಹಾಕಿ, ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಂದಳು.

"ಸಭಾದಾಗ ಅವರಿಗೆ ಹೋಳಿಗಿ ಹೆಂಗ ಕೊಡ್ತೀರಿ?" ಎಂದು ನನ್ನ ಗಂಡ ಕೇಳಿದರು.

"ಅವರ ಪಾಲಿಂದು ನೀವ ತಿನ್ರಿ ಅಣ್ಣಾರ," ಎಂದಳು. ಅವರು ಅದನ್ನು ಚಾಚೂತಪ್ಪದೆ ಪಾಲಿಸಿದರು.

ಹೊರಗೆ ಮಳೆಗಾಳಿಯ ಲಕ್ಷಣವಿತ್ತು. ಧೂಳೆದ್ದು ಆಕಾಶ ಕೆಂಪಗಾಗಿತ್ತು. ಸಭೆಯ ಅಧ್ಯಕ್ಷೆ ಮೆತ್ತಗಿನ ದನಿಯ ಹೆಂಗಸು, ಯಾರನ್ನೂ ಅವಸರ ಮಾಡುವವಳಲ್ಲ. ಒಂದೊಂದೇ ವಿಷಯ ತೆಗೆದು, ಯಾರು ಬರೆಯುತ್ತೀರಿ, ಯಾರು ಪರೀಕ್ಷಿಸುತ್ತೀರಿ ಎಂದು ಕೇಳುತ್ತಾ ಬಂದಳು. ನಮ್ಮ ಪಾಳಿ ಬಂದಾಗ ನಾನು ಕರಡಿನ ಸಾರಾಂಶ ಹೇಳಿದೆ. ಅಕ್ಕೋರು ತನಗೆ ಬರುವ ಇಂಗ್ಲಿಷಿನಲ್ಲಿ, ನಿಧಾನವಾಗಿ, ಕರೆಂಟು ಬಂದ ಮೇಲೂ ಮಕ್ಕಳು ಸಿಗದೆ ತಾನು ಖಾಲಿ ಪರದೆ ನೋಡುತ್ತಾ ಕೂರುವುದನ್ನು ಹೇಳಿದಳು. ಕರೆಂಟಿಲ್ಲದಾಗ ಅಷ್ಟು ದುಃಖವಾಗುವುದಿಲ್ಲ, ಇದ್ದೂ ಇಲ್ಲದಾಗ ಆಗುತ್ತದೆ ಎಂದಳು. 

ಆಗ ಗಡ್ಡದಜ್ಜ ಮಾತಾಡಿದ. ಕರಡನ್ನು ಅವನು ಓದಿದ್ದ, ಪೂರ್ತಿ ಓದಿದ್ದ.

"ಒಂದೇ ಪ್ರಶ್ನೆ. ಪೆಟ್ಟಿಗೆ ಬರುತ್ತೇನೆ ಎನ್ನುತ್ತದೆ. ಯಾವಾಗ? ನಿಮ್ಮ ಸಂದೇಶದಲ್ಲಿ ಸಮಯಕ್ಕೆ ಜಾಗವೇ ಇಲ್ಲ. ನೆರೆಯವರು ಎಷ್ಟು ಹೊತ್ತು ಕಾಯಬೇಕು? ಒಂದು ನಿಮಿಷವೆ, ಒಂದು ದಿನವೆ?"

ನಾನು ಕರಡಿನ ಕಡೆ ನೋಡಿದೆ. ತಿಂಗಳುಗಟ್ಟಲೆ ತಿದ್ದಿದ ಕರಡು. ಹೋಗುವ ಪೆಟ್ಟಿಗೆಯ ಹೆಸರಿಗೆ ಜಾಗವಿತ್ತು, ಅದರ ಗುರುತಿಗೆ ಜಾಗವಿತ್ತು, ಸುಳ್ಳು ಸಂದೇಶ ತಡೆಯುವ ಬೀಗಕ್ಕೂ ಜಾಗವಿತ್ತು. ಯಾವಾಗ ಬರುತ್ತೀಯ ಎಂಬುದಕ್ಕೆ ಇರಲಿಲ್ಲ. ಮರೆತದ್ದಲ್ಲ. ಹಾಗೆ ಕೇಳಬೇಕು ಎಂಬುದೇ ನನ್ನ ತಲೆಗೆ ಬಂದಿರಲಿಲ್ಲ. ಜಗತ್ತಿನ ಇನ್ನಾವ ಎಂಜಿನಿಯರ್ ಬರೆದಿದ್ದರೂ ಮೊದಲ ದಿನವೇ ಅದನ್ನು ಹಾಕಿರುತ್ತಿದ್ದ. ನಾನು ತಂಗಡಗಿಯ ಮೊಮ್ಮಗಳು, ಹೊರಟವರನ್ನು ಕೇಳಬಾರದ್ದನ್ನು ಕೇಳಲಿಲ್ಲ.

ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಒಂದು ಅಂದಾಜು ಸಮಯ ಹಾಕುತ್ತೇನೆ ಎನ್ನೋಣವೆಂದರೆ, ನಮ್ಮ ಕರೆಂಟು ಯಾವಾಗ ಬರುತ್ತದೆಂದು ಪೆಟ್ಟಿಗೆಗಾದರೂ ಹೇಗೆ ಗೊತ್ತಾಗಬೇಕು? ಸುಳ್ಳು ಸಮಯ ಹೇಳುವ ನಿಯಮಕ್ಕೆ ಆ ಗುಂಪಿನಲ್ಲಿ ಯಾರೂ ಗುಂಯ್ ಎನ್ನುವುದಿಲ್ಲ. ಕರಡಿನ ಪುಟಗಳನ್ನು ಹಿಂದೆ ಮುಂದೆ ತಿರುವಿದೆ. ಪಕ್ಕದಲ್ಲಿ ಅಕ್ಕೋರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ವಿಷಯ ಕೈ ಬಿಡುತ್ತಿದೆ ಎಂದು ಆಕೆಗೂ ತಿಳಿದಿತ್ತು.

ಅದೇ ಹೊತ್ತಿಗೆ ಗಾಳಿ ಬಂದು ಬಾಗಿಲು ಬಡಿಯಿತು. ಕರೆಂಟು ಹೋಯಿತು. ಮೇಜಿನ ಕೆಳಗಿನ ಯುಪಿಎಸ್ ಕೂಗಲು ಶುರು ಮಾಡಿತು. ಅದರದೂ ಹಳೆಯ ಬ್ಯಾಟರಿ, ನನ್ನ ಲ್ಯಾಪ್‌ಟಾಪಿನದಂತೂ ಯಾವತ್ತೋ ಸತ್ತದ್ದು. ಯುಪಿಎಸ್ ಕೂಗಿದರೆ ಆಯಿತು, ಮುಗಿದಂತೆಯೇ. ನಾನು ಹೇಳಬೇಕಾದದ್ದನ್ನು ಹುಡುಕುತ್ತಿರುವಾಗ ಅಕ್ಕೋರು ಮುಂದಕ್ಕೆ ಬಗ್ಗಿ, ಪರದೆಯ ತುಂಬ ಇದ್ದ ಆ ಮುಖಗಳಿಗೆಲ್ಲ ಕೈ ಮುಗಿದು, ನಮ್ಮ ಮಾತಿನಲ್ಲೇ ಹೇಳಿಬಿಟ್ಟಳು.

"ನಾವು ಹೋಗಿ ಬರ್ತೇವ್ರಿ."

ನಾವು ಹೋಗುತ್ತಿದ್ದೇವೆ, ತಿರುಗಿ ಬರುತ್ತೇವೆ ಎನ್ನುತ್ತಿದ್ದಾಳೆ ಎಂದು ನಾನು ಇಂಗ್ಲಿಷಿನಲ್ಲಿ ಅವಸರವಾಗಿ ಹೇಳಿದೆ. ಪರದೆ ಕಪ್ಪಾಯಿತು.

ನನ್ನ ಗಂಡ ಚಾರ್ಜಿಂಗ್ ದೀಪ ತಂದಿಟ್ಟರು. ನಾನು ಎದ್ದು ಓಡಾಡಿದೆ. ಎಲ್ಲರನ್ನೂ ಬೈದೆ: ಗಾಳಿಯನ್ನು, ಯುಪಿಎಸ್ಸನ್ನು, ಗಡ್ಡದಜ್ಜನನ್ನು, ಹೋಳಿಗೆ ತಿನ್ನುತ್ತಿದ್ದ ಗಂಡನನ್ನು.

"ವೈನಿ, ಕುಂದರ್ರಿ. ಬರ್ತೇವಿ ಅಂತ ಹೇಳೇವಲ್ಲ," ಎಂದಳು ಅಕ್ಕೋರು.

"ಅಕ್ಕೋರ, ಅವರು ನಮ್ಮ ಕಡೆ ಮಂದಿ ಅಲ್ಲರಿ. ನಮ್ಮ ಹೆಸರ ತೆಗದು ಮುಂದ ಹೋಗಿರ್ತಾರ."

"ಹೋಗಲಿ ಬಿಡ್ರಿ. ಹೇಳಿ ಬಂದೇವಿ, ಹೇಳದ ಬಂದಿಲ್ಲ."

ಕರೆಂಟು ಬಂದು, ಲ್ಯಾಪ್‌ಟಾಪ್ ಎದ್ದು, ನಾವು ಸಭೆಯೊಳಗೆ ಕಾಲಿಟ್ಟಾಗ ಯಾವುದೋ ಬೇರೆಯೇ ವಿಷಯದ ಚರ್ಚೆ ನಡೆದಿತ್ತು.  ಅಧ್ಯಕ್ಷೆ ಮಾತಾಡುತ್ತಿದ್ದವನಿಗೆ ಮುಗಿಸಲು ಬಿಟ್ಟಳು. ಆಮೇಲೆ ನಮ್ಮತ್ತ ತಿರುಗಿ ನಕ್ಕಳು.

"ಬನ್ನಿ. ನಾವು ಕಾಯಲಿಲ್ಲ, ಬೇರೆ ವಿಷಯಗಳನ್ನು ಮುಗಿಸುತ್ತಿದ್ದೆವು. ಬರುತ್ತೇವೆ ಎಂದು ಹೇಳಿ ಹೋಗಿದ್ದಿರಲ್ಲ, ನಿಮ್ಮ ವಿಷಯವನ್ನು ಮುಚ್ಚಿಲ್ಲ. ಎಲ್ಲಿ ಬಿಟ್ಟಿದ್ದಿರೋ ಅಲ್ಲಿಂದ ಹೇಳಿ."

ನಾನು ಕ್ಷಮೆ ಕೇಳಲು ಹೊರಟೆ. ಅಷ್ಟರಲ್ಲಿ ಗಡ್ಡದಜ್ಜ ಗಂಟಲು ಸರಿಮಾಡಿಕೊಂಡ.

"ನನ್ನ ಪ್ರಶ್ನೆಯನ್ನು ನಾನು ವಾಪಸು ತೆಗೆದುಕೊಳ್ಳುತ್ತೇನೆ," ಎಂದ. "ಇವರು ಹೋದಾಗ, ಯಾವಾಗ ಬರುತ್ತೀರಿ ಎಂದು ನಾವು ಯಾರೂ ಕೇಳಲಿಲ್ಲ. ಕಾಯುತ್ತಲೂ ಕೂರಲಿಲ್ಲ. ನಮ್ಮ ಕೆಲಸ ನಾವು ಮಾಡಿದೆವು. ಬಂದಾಗ ಬಾಗಿಲು ತೆಗೆದೆವು. ನಿಯಮವನ್ನೂ ಹಾಗೇ ಬರೆಯಿರಿ. ಸಮಯದ ಜಾಗ ಬೇಡ. ಬರೆಯುವುದಕ್ಕೆ ನಾನೂ ಸೇರುತ್ತೇನೆ."

ಅಷ್ಟು ದಿನ ಆ ಮನುಷ್ಯನ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವನು ನಮ್ಮೂರಿನವನಾಗಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅಧ್ಯಕ್ಷೆ ಗುಂಡಿ ಒತ್ತಲು ಹೇಳಿದಳು. ನಮ್ಮ ವಿಷಯ ಯೋಜನೆಯ ತೀರ ಕೊನೆಗೆ, ಎಲ್ಲಾದರೂ ನಡೆಸಿ ನೋಡಿದ ಮೇಲೆ ಮುಂದುವರಿಸುವುದು ಎಂಬ ಷರತ್ತಿನ ಜೊತೆ ಸೇರಿತು.

"ಅವರೆಲ್ಲಾ ಗುಂಯ್ ಅಂದ್ರೇನು?" ಎಂದು ನನ್ನ ಗಂಡ ಬಾಗಿಲಲ್ಲಿ ನಿಂತು ಕೇಳಿದರು.

"ಅಂದ್ರು."

ಅವರೂ ಬಾಯಿ ಮುಚ್ಚಿ ಒಮ್ಮೆ ಗುಂಯ್ ಎಂದು, ಖಾಲಿ ಡಬ್ಬಿ ತೊಳೆಯಲು ಒಳಗೆ ಹೋದರು.

ಅಕ್ಕೋರು ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು. "ಅಂದ್ರ ಆತೇನ್ರಿ ವೈನಿ? ಇನ್ನ ಯಾವಾಗ ಬರ್ತೈತಿ ಈ ನಿಯಮಾ?"

ಆ ಪ್ರಶ್ನೆ ಬಾರದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. "ಮೂರು ವರ್ಷ, ನಾಕು ವರ್ಷ. ಹೆಚ್ಚೂ ಆಗಬಹುದು."

ಆಕೆಯ ಮುಖ ಬಾಡಿತು. ಜೂನ್ ಎಂಬ ಮಾತನ್ನು ಆಕೆ ಆಡಲೇ ಇಲ್ಲ, ನಾನೂ ಆಡಲಿಲ್ಲ. "ಇರಲಿ ಬಿಡ್ರಿ, ಮುಂದ ಯಾರಿಗರೆ ಅನುಕೂಲ ಆಕೈತಿ," ಎಂದು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಆಕೆಗೇ ಅನುಕೂಲವಾಗಬೇಕು, ಈಗಲೇ ಆಗಬೇಕು ಎಂದು ನನಗಿತ್ತು. 

ಎಲ್ಲಾದರೂ ನಡೆಸಿ ನೋಡಿದ ಮೇಲೆ ಎಂಬ ಷರತ್ತು ನನಗೆ ಮೊದಲು ಅಡ್ಡಿಯಾಗಿ ಕಂಡಿತ್ತು. ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಅದೇ ಬಾಗಿಲಾಗಿ ಕಂಡಿತು. ನಿಯಮ ಆಗುವ ಮುಂಚೆ ಎಲ್ಲೋ ಒಂದು ಕಡೆ ಅದು ಓಡಲೇಬೇಕು. ಆ ಒಂದು ಕಡೆ ದೇವಣಗಾಂವ ಯಾಕಾಗಬಾರದು? ಗಡ್ಡದಜ್ಜನಿಗೆ ಬರೆದೆ. ಅವನು ತಾನೇ ಕೂತು ಪ್ರೋಗ್ರಾಂ ಬರೆದು ಕಳಿಸಿದ. ಮೊದಲ ಸಲ ಹಾಕಿದಾಗ ಪೆಟ್ಟಿಗೆ ಏಳಲೇ ಇಲ್ಲ. ಎರಡನೆಯ ಸಲ ಎದ್ದದ್ದು ಸಿಂದಗಿಯ ಹಾದಿಯನ್ನೇ ಮರೆಯಿತು. ನಾವಿಬ್ಬರೂ ಇ-ಮೇಲಿನಲ್ಲಿ ಬೈದಾಡಿಕೊಂಡೆವು, ಗೆಳೆಯರಾದೆವು. ಜೂನ್ ಬಂತು, ಅಕ್ಕೋರ ತಂಗಿ ಸಾಮಾನು ಕಟ್ಟಿದಳು. ಟಾಕಿಯ ಮೇಲಿನ ಪೆಟ್ಟಿಗೆಗೂ ಅದರ ನೆರೆಯವಕ್ಕೂ ಪ್ರೋಗ್ರಾಂ ಹಾಕಿ ಮುಗಿಸಿದಾಗ, ಅಕ್ಕೋರು ತನ್ನ ಮನೆಯಿಂದ ಪಾಠ ಮಾಡಬೇಕಾದ ಮೊದಲ ದಿನ ಬಂದೇಬಿಟ್ಟಿತ್ತು.

ಆ ಸಂಜೆ ನಾನು ದೇವಣಗಾಂವದಲ್ಲಿದ್ದೆ. ಪಡಸಾಲೆಯ ಗೋಡೆಗೆ ಕಪ್ಪು ಹಲಗೆ, ಅದರ ಮುಂದೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ಅಕ್ಕೋರ ಗಂಡ ನನಗೊಂದು ಕುರ್ಚಿ ಹಾಕಿ, ಸದ್ದು ಮಾಡಬಾರದೆಂದು ತಾನು ಅಂಗಳದಲ್ಲಿ ಕೂತ. ಪರದೆಯ ಮೇಲೆ ಒಬ್ಬೊಬ್ಬರಾಗಿ ಮಕ್ಕಳು ಬಂದರು. ಒಂದು ಇಳಿಜಾರು ಗೆರೆಯ ಲೆಕ್ಕ ನಡೆದಿತ್ತು. ನನಗೆ ಲೆಕ್ಕದ ಕಡೆ ಗಮನವಿರಲಿಲ್ಲ, ಮೇಲಿನ ಬಲ್ಬಿನ ಕಡೆಯೇ ಇತ್ತು. ಪಾಳಿ ಬದಲಾಗುವ ಹೊತ್ತು ಹತ್ತಿರ ಬಂದಾಗ ಅಕ್ಕೋರು ಸುಣ್ಣದ ಕಡ್ಡಿ ಕೆಳಗಿಟ್ಟು ಮಕ್ಕಳಿಗೆ ಹೇಳಿದಳು.

"ನಾ ಈಗ ಹೋಗಿ ಬರ್ತೇನ್ರಿ."

ಬಲ್ಬು ಆರಿತು. ಮಕ್ಕಳ ಮುಖಗಳೂ ಆರಿದವು.

ಈ ಸಲ ಓಡಾಡಲು ಜಾಗವಿರಲಿಲ್ಲ. ಕುರ್ಚಿಯಲ್ಲೇ ಕೂತು, ತಿಳಿದ ದೇವರುಗಳನ್ನೆಲ್ಲ ನೆನೆದೆ. ಕಾಲು ತಾಸು ಮೀರಿದರೆ ಕಂಪನಿಯ ವ್ಯವಸ್ಥೆ ಪಾಠ ಮುಚ್ಚುತ್ತದೆ, ಅದು ಆಕೆಯ ಕಡೆಯ ಅವಕಾಶ. ಕರೆಂಟು ಅದರೊಳಗೆ ಬರುತ್ತದೆ, ಅದು ಗೊತ್ತಿತ್ತು. ಬಂದ ಮೇಲೆ ಆ ಪೆಟ್ಟಿಗೆಗಳು ಮುನಿಸಿಕೊಳ್ಳುತ್ತವೆಯೋ ಇಲ್ಲವೋ, ಅದು ನನಗಾಗಲಿ ಆ ಗಡ್ಡದಜ್ಜನಿಗಾಗಲಿ ಖಾತ್ರಿ ಇರಲಿಲ್ಲ. ಅಕ್ಕೋರು ಮಾತ್ರ ಕತ್ತಲಲ್ಲೇ ಹಲಗೆ ಒರೆಸಿದಳು.

ಬಲ್ಬು ಹತ್ತಿತು. ಟಾಕಿಯ ಮೇಲಿನ ಪೆಟ್ಟಿಗೆ ಏಳಲು ತೆಗೆದುಕೊಳ್ಳುವಷ್ಟು ಹೊತ್ತು, ಅಷ್ಟೇ. ನಾನು ಇನ್ನೂ ದೇವರುಗಳನ್ನು ನೆನೆಯುತ್ತಿರುವಾಗಲೇ ಪರದೆ ತುಂಬಿತು. ಯಾವ ಪೆಟ್ಟಿಗೆಯೂ ಮುನಿಸಿಕೊಂಡಿರಲಿಲ್ಲ. ಮಕ್ಕಳೆಲ್ಲ ಅಲ್ಲೇ ಇದ್ದರು, ತಲೆ ಬಗ್ಗಿಸಿಕೊಂಡು ಬರೆಯುತ್ತಿದ್ದರು. ಒಬ್ಬ ಹುಡುಗಿ ತಲೆ ಎತ್ತಿದಳು. ಲೆಕ್ಕ ಬರುವುದಿಲ್ಲ ಎಂದು ಅಳುತ್ತಿದ್ದವಳು ಅವಳೇ ಎಂದು ಆಮೇಲೆ ತಿಳಿಯಿತು.

"ಬಂದ್ರೇನ್ರಿ ಅಕ್ಕೋರ? ಬರ್ತೇನಿ ಅಂದಿದ್ರಲ್ಲ, ಅದಕ್ಕ ನಾವು ಸುಮ್ಮ ಕುಂದರಲಿಲ್ಲರಿ. ಮುಂದಿನ ಲೆಕ್ಕಾನೂ ಮಾಡಿ ಇಟ್ಟೇವಿ."

ಎಲ್ಲಿಗೆ ಹೋಗಿದ್ದಿರಿ, ಯಾಕಿಷ್ಟು ಹೊತ್ತು ಎಂದು ಆ ಮಕ್ಕಳಲ್ಲಿ ಒಬ್ಬರೂ ಕೇಳಲಿಲ್ಲ. ಅಕ್ಕೋರು ಒಂದು ಕ್ಷಣ ಹಲಗೆಯ ಕಡೆ ಮುಖ ತಿರುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲೂ ಇಲ್ಲ, ಹಾಗೇ ಅತ್ತೆ. ಆಮೇಲೆ ಆಕೆ ತಿರುಗಿ, ಸುಣ್ಣದ ಕಡ್ಡಿ ಕೈಗೆತ್ತಿಕೊಂಡು, ಎಂದಿನ ದನಿಯಲ್ಲೇ ಹೇಳಿದಳು.

"ಎಲ್ಲಿ, ತೋರಸ್ರಿ, ನೋಡೂನು."